ಕೈ ಹಿಡಿದದ್ದು, ಕೈ ಕೊಟ್ಟದ್ದು

ಈ ವಾರ ಮಾತಾಡೋಕೆ ಹೊರಟಿರೋದು ಒಂದೇ ಅಕ್ಷರದ ಪದದ ಬಗ್ಗೆ: ಕೈ.

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ನಮ್ಮ ಕಡೆ ಹರಾಜಿನ ದಿನಗಳಲ್ಲಿ ಯಾವುದಾದರೂ ಟೀ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ‘ಈ ಸಲ ಸೊಪ್ಪು ಕೈ ಹಿಡೀತು’ ಅಂತ ಒಬ್ಬರು, ‘ನಂಗೆ ಕೈ ಕೊಡ್ತು ಕಣಣ್ಣ’ ಅಂತ ಇನ್ನೊಬ್ಬರು. ಬೆಳೆ ಒಂದೇ. ಹಿಡಿದರೆ ಬದುಕಿದೆವು, ಕೊಟ್ಟರೆ ಕೆಟ್ಟೆವು. ಅನ್ನ ಕೊಡೋದು, ನೀರು ಕೊಡೋದು, ಹೆಣ್ಣು ಕೊಡೋದು ಎಲ್ಲಾ ಒಳ್ಳೇದೇ. ಕೈ ಕೊಟ್ಟರೆ ಮಾತ್ರ ಮೋಸ! ಮಳೆ ಕೈ ಕೊಡುತ್ತೆ, ಬೋರ್‌ವೆಲ್ ಕೈ ಕೊಡುತ್ತೆ, ಜೊತೆಗಾರ ಕೈ ಕೊಡ್ತಾನೆ. ಆದರೆ ಶತ್ರು ಕೈ ಕೊಟ್ಟ ಅಂತ ಯಾರೂ ಹೇಳಲ್ಲ, ಗಮನಿಸಿ. ನಂಬಿದವರು ಮಾತ್ರ ಕೈ ಕೊಡೋಕೆ ಸಾಧ್ಯ.

ಕಾಂಗ್ರೆಸ್ಸಿನ ಚಿಹ್ನೆ ಹಸ್ತ ಆಗಿರೋದರಿಂದ ತಲೆಬರಹ ಬರೆಯೋ ನಮ್ಮ ಪತ್ರಕರ್ತ ಮಿತ್ರರಿಗೆ ಈ ನುಡಿಗಟ್ಟು ವರ್ಷವಿಡೀ ಹಬ್ಬ. ಅದು ಬಿಡಿ.

‘ಹಾಕು’ ಸೇರಿಸಿ ನೋಡಿ. ಮೂಟೆಗೆ ಕೈ ಹಾಕಿದರೆ ಸಹಾಯ, ಕೆಲಸಕ್ಕೆ ಕೈ ಹಾಕಿದರೆ ಆರಂಭ, ಇನ್ನೊಬ್ಬರ ಜೇಬಿಗೆ ಹಾಕಿದರೆ ಕಳ್ಳತನ. ನಾಟಿ ವೈದ್ಯರಿಗೆ ಕೈಗುಣ, ಜಾದೂಗಾರನಿಗೆ ಕೈಚಳಕ, ತೆರೆಮರೆಯಲ್ಲಿ ಇರೋರಿಗೆ ಕೈವಾಡ. ಕೈದಿ, ಕೈಫಿಯತ್ತುಗಳಲ್ಲಿರೋ ಕೈ ಮಾತ್ರ ನಮ್ಮದಲ್ಲ, ಅವು ಅರಬ್ಬಿಯಿಂದ ಬಂದ ಪದಗಳು. ಹಳಗನ್ನಡದಲ್ಲಿ ಕಹಿಗೆ ‘ಕಯ್ಪು’ ಅಂತಿದ್ದರು. ಅದೂ ಬೇರೆ ಪದವೇ. ಆದರೆ ತಂಬಾಕು ಸೊಪ್ಪು ಮುರಿಯೋ ಕಾಲದಲ್ಲಿ ಕೂಲಿ ಹೆಣ್ಣುಮಕ್ಕಳ ಅಂಗೈ ನೋಡಿ. ಅಂಟು ಹಿಡಿದು ಕಪ್ಪಾಗಿರುತ್ತೆ, ತೊಳೆದರೂ ಕಹಿ ಹೋಗಲ್ಲ, ಮುದ್ದೆ ಮುರಿದರೆ ತುತ್ತಿಗೂ ಹತ್ತುತ್ತೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನೋ ಗಾದೆ ಅವರ ಮುಂದೆ ಹೇಳೋಕೆ ನನಗಂತೂ ಧೈರ್ಯ ಇಲ್ಲ.

ಇನ್ನು ಕೈಯೇ ಮಾತಾಡೋ ಜಾಗ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳ್ತಾರೆ. ಪಕ್ಕದವನಿಗೂ ಗೊತ್ತಾಗಲ್ಲ. ಕೆ.ಆರ್. ನಗರ ಕಡೆಯ ಚುಂಚನಕಟ್ಟೆ ಜಾತ್ರೆಗೆ ಎತ್ತು ಹೊಡ್ಕೊಂಡು ಹೋದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ತಂಬಾಕಿಗೆ 1984ರಲ್ಲಿ ಮಂಡಳಿಯ ಹರಾಜು ಬಂತು, ಬೆಲೆ ಎಲ್ಲರೆದುರು ತೀರ್ಮಾನ ಆಗೋಕೆ ಶುರುವಾಯ್ತು.

ಆದರೆ ಸಾಲ ಇವತ್ತಿಗೂ ಟವೆಲ್ ಕೆಳಗೇ ಇದೆ. ಕೈಗಡ ಅಂದರೆ ನಾಲ್ಕು ದಿನದ ಮಾತು, ಬಡ್ಡಿ ಇಲ್ಲ. ಕೈಸಾಲ ಹಾಗಲ್ಲ, ಬ್ಯಾರನ್ನಿಗೆ ಸೌದೆ, ಗೊಬ್ಬರ, ಕೂಲಿ ಅಂತ ತಗೊಂಡಿದ್ದು, ಬಡ್ಡಿ ಓಡ್ತಾ ಇರುತ್ತೆ, ಕಾಗದ ಇರಲ್ಲ. ರೈತ ಆತ್ಮಹತ್ಯೆಯ ಸುದ್ದಿಗಳನ್ನ ಓದಿ ನೋಡಿ. ಬ್ಯಾಂಕಿನದು ಇಷ್ಟು ಅಂತ ಅಂಕಿ ಇರುತ್ತೆ. ಕೈಸಾಲದ ಹಿಂದೆ ‘ಸುಮಾರು’ ಅಂತ ಇರುತ್ತೆ. ಆ ‘ಸುಮಾರು’ ಎಷ್ಟು ಅನ್ನೋದು ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಾಗೋದೇ ಆಮೇಲೆ.

ಕೊನೆಯದಾಗಿ ‘ಕೈಲಿ’. ‘ನನ್ನ ಕೈಲಿ ನಡೆಯೋಕಾಗಲ್ಲ’ ಅಂತೀವಿ. ಕೈಯಲ್ಲಿ ಯಾರು ನಡೀತಾರೆ? ಇಲ್ಲಿ ಕೈ ಅಂದರೆ ಶಕ್ತಿ, ಇಡೀ ಮನುಷ್ಯ. ಹಾಗಾಗಿ ಮನೇಲಿ ಯಾರಾದರೂ ‘ಇನ್ನು ನನ್ನ ಕೈಲಿ ಆಗಲ್ಲ’ ಅಂದರೆ ಸುಸ್ತಾಗಿರಬೇಕು ಅಂತ ಬಿಟ್ಟುಬಿಡಬೇಡಿ. ಪಕ್ಕದಲ್ಲಿ ಕೂತು, ‘ಯಾರ ಹತ್ರ ಎಷ್ಟು ಕೈಸಾಲ ಐತೆ?’ ಅಂತ ಕೇಳಿ, ಒಂದು ಚೀಟೀಲಿ ಬರ್ಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮೂರಲ್ಲಿ ಕೈಗೆ ಬೇರೆ ಮಾತುಗಳಿದ್ದರೆ ಕಳಿಸಿಕೊಡಿ. ಮುಂದಿನ ವಾರ ಕಾಲು.