ಮೂರು ತಿಂಗಳು ತಡವಾದ ವರದಿ

ಇವತ್ತು ಗವರ್ನರ್ ವಾರನ್ ಕಥೆ. ಗವರ್ನರ್ ಅನ್ನೋದು ಹುದ್ದೆಯಲ್ಲ, ಅವರ ಹೆಸರೇ! ಅಮೆರಿಕ ಸೇನೆಯ ಎಂಜಿನಿಯರ್.

1863ರ ಜುಲೈ 2, ಗೆಟ್ಟಿಸ್‌ಬರ್ಗ್ ಯುದ್ಧ. ಲಿಟಲ್ ರೌಂಡ್ ಟಾಪ್ ಗುಡ್ಡಕ್ಕೆ ಕಾವಲು ಪಡೆಯೇ ಇಲ್ಲ ಅಂತ ಗಮನಿಸಿ, ಅವಸರದಲ್ಲಿ ಸೈನಿಕರನ್ನ ಕರೆಸಿದ್ರು. ಗುಡ್ಡ ಉಳೀತು.

1865ರ ಏಪ್ರಿಲ್ 1, ಫೈವ್ ಫೋರ್ಕ್ಸ್‌. ಯುದ್ಧ ಗೆದ್ದ ದಿನವೇ ಜನರಲ್ ಶೆರಿಡನ್, ನಿಧಾನ ಮಾಡಿದ್ರು ಅಂತ ದೂರಿ ಅವರನ್ನ ಹುದ್ದೆಯಿಂದ ತೆಗೆದ್ರು. ವಿಚಾರಣೆ ಮಾಡಿ ಅಂತ ವಾರನ್ ಕೇಳ್ತಾನೇ ಇದ್ರು. ಒಪ್ಪಿಗೆ ಸಿಕ್ಕಿದ್ದು 1879ರಲ್ಲಿ. 1882ರ ಆಗಸ್ಟ್‌ನಲ್ಲಿ ತೀರಿಕೊಂಡ್ರು. ಅಂತ್ಯಕ್ರಿಯೆಗೆ ಸಮವಸ್ತ್ರ, ಸೇನಾ ಗೌರವ ಎರಡೂ ಬೇಡ ಅಂದಿದ್ರು. ಬಹುಮಟ್ಟಿಗೆ ಅವರ ಪರವಾಗಿದ್ದ ವರದಿ ಹೊರಬಂದದ್ದು ನವೆಂಬರ್‌ನಲ್ಲಿ.

ನಾನು ಬಿ.ಕಾಂ. ಓದಿದವನು. ಲೆಕ್ಕದಲ್ಲಿ ತಪ್ಪಾದ್ರೆ ತಿದ್ದುಪಡಿ ಎಂಟ್ರಿ ಹಾಕ್ತೀವಿ. ವಾರನ್ ಲೆಕ್ಕ ತಿದ್ದೋಕೆ 17 ವರ್ಷ ಹಿಡೀತು. ನೋಡೋಕೆ ಅವರೇ ಇರಲಿಲ್ಲ.