ಸೊಪ್ಪಿನ ಸತ್ವ ಚೆಲ್ಲಬೇಡಿ

(ಮಾನ್ವಿಯಲ್ಲಿ ಸ್ವ-ಸಹಾಯ ಸಂಘಗಳ ಮಹಿಳೆಯರಿಗೆ ನೀಡಿದ ಭಾಷಣ)



"ಪಲ್ಲೆ ಮಾಡೋದು ನಮಗ ಕಲಿಸಬೇಕೇನ್ರಿ?" ಎಂದು ನೀವು ಕೇಳಬಹುದು. ಪುಂಡಿಪಲ್ಲೆ, ರಾಜಗಿರಿ, ಮೆಂತ್ಯ, ಸಬ್ಬಸಗಿ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಆದರೂ ಕೇಳಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ಇದೆ. ನಾಟಿ ಮಾಡುವಾಗ ಕಣ್ಣಿಗೆ ಕತ್ತಲೆ ಬರುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದು ಇದರ ಲಕ್ಷಣ. ಹೆರಿಗೆ ಸಮಯದಲ್ಲಿ ಇದು ಜೀವಕ್ಕೇ ಅಪಾಯ.

ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ, ಕಣ್ಣಿಗೆ ಬೇಕಾದ 'ಎ' ಜೀವಸತ್ವವಿದೆ. ಆದರೆ ಸೊಪ್ಪಿನ ಸತ್ವದಲ್ಲಿ ಒಂದಿಷ್ಟನ್ನು ನಾವೇ ಬಚ್ಚಲಿಗೆ ಚೆಲ್ಲುತ್ತೇವೆ. ಹೇಗೆಂದರೆ, ಸೊಪ್ಪು ಹೆಚ್ಚಿದ ಮೇಲೆ ತೊಳೆಯುತ್ತೇವೆ, ಬೇಯಿಸಿದ ನೀರು ಬಸಿದು ಬಿಡುತ್ತೇವೆ, ಹಸಿರು ಬಣ್ಣ ಉಳಿಯಲೆಂದು ಸೋಡಾ ಹಾಕುತ್ತೇವೆ. ಇವು ಮೂರನ್ನೂ ಬಿಡಿರಿ. ಮೊದಲು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಹೆಚ್ಚಿರಿ. ಸ್ವಲ್ಪ ನೀರಿನಲ್ಲಿ, ಮುಚ್ಚಳ ಮುಚ್ಚಿ, ಮೆತ್ತಗಾಗುವಷ್ಟು ಮಾತ್ರ ಬೇಯಿಸಿರಿ.

ಪುಂಡಿಪಲ್ಲೆ: ಅರ್ಧ ಬಟ್ಟಲು ತೊಗರಿ ಬ್ಯಾಳಿ, ಒಂದು ಹಿಡಿ ಜೋಳದ ನುಚ್ಚು ಮೊದಲು ಬೇಯಿಸಿಕೊಳ್ಳಿರಿ. ಹುಳಿ ಸೇರಿದ ಮೇಲೆ ಬ್ಯಾಳಿ ಬೇಗ ಮೆತ್ತಗಾಗುವುದಿಲ್ಲ, ಅದಕ್ಕೇ ಸೊಪ್ಪು ಆಮೇಲೆ. ಎರಡು ಕಟ್ಟು ಪುಂಡಿ, ನಾಲ್ಕು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಬೇಯಿಸಿ ಮಸೆಯಿರಿ. ಹುಳಿ ಹೆಚ್ಚೆಂದು ನೀರು ಚೆಲ್ಲಬೇಡಿ, ನುಚ್ಚು ಸ್ವಲ್ಪ ಹೆಚ್ಚು ಹಾಕಿರಿ. ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಡಿರಿ. ಎಣ್ಣೆ ಸ್ವಲ್ಪ ಇರಲೇಬೇಕು, ಎಣ್ಣೆ ಇಲ್ಲದೆ 'ಎ' ಜೀವಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನುಗ್ಗೆ ಸೊಪ್ಪು: ಎಳೆ ಎಲೆ ಬಿಡಿಸಿ, ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಹಾಕಿ, ನೀರು ಚಿಮುಕಿಸಿ ಬಾಡಿಸಿರಿ. ಇಳಿಸುವ ಮೊದಲು ಎರಡು ಚಮಚ ಶೇಂಗಾ ಪುಡಿ ಉದುರಿಸಿರಿ. ಕಹಿ ಅನ್ನುವ ಮಕ್ಕಳೂ ತಿನ್ನುತ್ತಾರೆ.

ಹಸಿ ಮೆಂತ್ಯ: ಇದಕ್ಕೆ ಒಲೆಯೇ ಬೇಡ. ಎಳೆ ಮೆಂತ್ಯ ಉಪ್ಪುನೀರಿನಲ್ಲಿ ನೆನೆಸಿ, ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದು ಹೆಚ್ಚಿರಿ. ಉಳ್ಳಾಗಡ್ಡಿ, ಖಾರ, ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ ಕಲಸಿ ರೊಟ್ಟಿ ಜೊತೆ ತಿನ್ನಿರಿ.

ಯಾವ ಸೊಪ್ಪು ಉಂಡರೂ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿರಿ, ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ತಡೆಯುತ್ತದೆ. ಒಂದು ತಾಸಾದರೂ ಬಿಟ್ಟು ಕುಡಿಯಿರಿ.

ಹೊಲದ ಬದುವಿನಲ್ಲಿ ಸಿಗುವ ಹತ್ತರಕಿ, ರಾಜಗಿರಿ ಬಹಳ ಒಳ್ಳೆಯವು, ರೊಕ್ಕವೂ ಬೇಡ. ಆದರೆ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ, ಹತ್ತಿ ಹೊಲಗಳಲ್ಲಿ ಎಣ್ಣೆ ಹೊಡೆದಿರುತ್ತಾರೆ. ಅಲ್ಲಿಯ ಸೊಪ್ಪು ಕೀಳಬೇಡಿ. ಮನೆ ಹಿತ್ತಲಲ್ಲಿ ಒಂದು ಮಡಿ ಮಾಡಿ ರಾಜಗಿರಿ, ಮೆಂತ್ಯ ಚೆಲ್ಲಿದರೆ ನಾಲ್ಕು ವಾರದೊಳಗೆ ಕೈಗೆ ಬರುತ್ತದೆ. ಒಂದು ನುಗ್ಗೆ ಟೊಂಗೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಸಿಗುತ್ತದೆ.

ಕಡೆಯ ಮಾತು. ಗಂಡಸರು, ಮಕ್ಕಳು ಉಂಡ ಮೇಲೆ ಪಲ್ಲೆಯ ಬೋಗುಣಿಯಲ್ಲಿ ನಮಗೆ ಉಳಿಯುವುದೇನು? ಬರೀ ಖಾರದ ರಸ. ಬಸುರಿ, ಬಾಣಂತಿಯರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕು. ಅವರ ಪಾಲನ್ನು ಮೊದಲೇ ಬಟ್ಟಲಲ್ಲಿ ತೆಗೆದಿಡಿರಿ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಬಿಡಬೇಡಿ, ಸೊಪ್ಪೊಂದರಿಂದಲೇ ರಕ್ತಹೀನತೆ ಹೋಗುವುದಿಲ್ಲ. ಅತ್ತೆಯಂದಿರು ಮನಸ್ಸು ಮಾಡಿದರೆ ಇದು ಇವತ್ತಿನ ರಾತ್ರಿ ಊಟದಿಂದಲೇ ಆಗುತ್ತದೆ.