ನುಡಿಯ ಖಾತೆಯಲ್ಲಿ ಹಳೆಯ ಬಾಕಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ನಾವೋ ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಪಾಸಾದವರು. ಪ್ರಯೋಗಶಾಲೆಯ ನಂಟು ಹೈಸ್ಕೂಲಿಗೇ ಮುಗಿಯಿತು. ಆದರೂ ನಮಗೊಂದು ಅರ್ಹತೆಯುಂಟು: ಲೆಕ್ಕ ತಾಳೆ ನೋಡುವುದು ನಮ್ಮ ಕಸುಬು. ಆದಕಾರಣ ವಿಜ್ಞಾನವನ್ನು ವಿಜ್ಞಾನಿಗಳಿಗೇ ಬಿಟ್ಟು, ಅದರ ಪದಗಳ ಲೆಕ್ಕಪುಸ್ತಕವನ್ನು ಮಾತ್ರ ತಮ್ಮೆದುರು ಬಿಚ್ಚುತ್ತೇವೆ.

ಬ್ಯಾಂಕಿನಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ ಅದನ್ನು ಹುಡುಕಿ ತೆಗೆಯುವವರೆಗೆ ಯಾರಿಗೂ ನೆಮ್ಮದಿಯಿಲ್ಲ. ಭಾಷೆಯ ಖಾತೆಯಲ್ಲಿ ಹಾಗಲ್ಲ, ಸ್ವಾಮಿ. ಅಲ್ಲಿ ತಪ್ಪಿನ ಮುಂದೆ ‘ಬಾಕಿ ಮುಂದಕ್ಕೆ’ ಎಂದು ಬರೆದು ನೂರಾರು ವರ್ಷ ಎತ್ತಿಕೊಂಡು ಹೋಗುತ್ತಾರೆ. ಆಡಿಟರು ಬರುವ ಭಯವೇ ಇಲ್ಲ!

ಮೊದಲನೆಯ ನಮೂದು, ಆಮ್ಲಜನಕ. ಆಮ್ಲವೆಂದರೆ ಹುಳಿ, ಹುಳಿಯನ್ನು ಹುಟ್ಟಿಸುವುದು ಆಮ್ಲಜನಕ. ನಾವು ಉಸಿರಾಡುವ ಗಾಳಿಗೂ ಹುಣಿಸೆಹಣ್ಣಿಗೂ ಎತ್ತಣ ಸಂಬಂಧ? ಈ ಹೆಸರಿಟ್ಟವನು ಫ್ರಾನ್ಸ್ ದೇಶದ ಲವಾಸಿಯೇ, ಕಾಲ 1777. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆಂದು ಅವನು ನಂಬಿದ್ದ. ಅದೇ ಅರ್ಥ ಬರುವಂತೆ ಗ್ರೀಕ್ ಮೂಲದಿಂದ ‘ಆಕ್ಸಿಜನ್’ ಹುಟ್ಟಿತು; ನಮ್ಮವರು ಅದನ್ನು ಪ್ರಾಮಾಣಿಕವಾಗಿ ಕನ್ನಡಕ್ಕೆ ತಂದರು. ತಮಾಷೆಯೆಂದರೆ ಈ ಲವಾಸಿಯೇ ನಮ್ಮ ಜಾತಿಯವನೇ! ಅರಮನೆಗೆ ತೆರಿಗೆ ಸಂಗ್ರಹಿಸುವ ಕಂಪನಿಯಲ್ಲಿ ಪಾಲುದಾರನಾಗಿದ್ದವನು. ಪ್ರಯೋಗಕ್ಕೆ ಹಾಕಿದ್ದರ ತೂಕಕ್ಕೂ ಅದರಿಂದ ಬಂದದ್ದರ ತೂಕಕ್ಕೂ ತಾಳೆಯಾಗಲೇಬೇಕೆಂದು ಹಟ ಹಿಡಿದವನು. ಅಂಥ ಲೆಕ್ಕಿಗನೂ ಒಂದು ಕಡೆ ಎಡವಿದ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬಾತ ಒಂದು ಪ್ರಬಲ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ತೋರಿಸಿದ. ಮದುವೆಯೂಟ ಹೆಚ್ಚಾಗಿ ನಮಗೆ ಹುಳಿತೇಗು ಬರಿಸುವ, ನಮ್ಮ ಜಠರದ ಆಮ್ಲವೇ ಅದು! ಅದರಲ್ಲಿ ಇರುವುದು ಜಲಜನಕ. ಇತ್ತ, ಜಲವನ್ನು ಹುಟ್ಟಿಸುವುದೆಂದು ಹೆಸರಾದ ಜಲಜನಕ ಒಂಬತ್ತು ಸೇರು ನೀರಿನ ತೂಕದಲ್ಲಿ ಕೊಡುವುದು ಒಂದೇ ಸೇರು. ಉಳಿದ ಎಂಟೂ ಆಮ್ಲಜನಕದ್ದು. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗುವುದೆಂದರೆ ಇದೇ ತಾನೆ?

ಎರಡನೆಯ ನಮೂದು, ಪರಮಾಣು. ಇನ್ನು ಅದಕ್ಕಿಂತ ಸಣ್ಣದಿಲ್ಲ ಎಂಬುದು ಹೆಸರಿನ ಘೋಷಣೆ. ಗ್ರೀಕರ ‘ಆಟಂ’ ಕೂಡ ತುಂಡರಿಸಲಾಗದ್ದೆಂದೇ ಅರ್ಥ. ಇದನ್ನು ತುಂಡರಿಸುವ ಕೆಲಸ ನಮ್ಮ ಮುಂಬಯಿಯ ಟ್ರಾಂಬೆಯಲ್ಲಿಯೂ ನಡೆಯಿತು. 1956ರ ಆಗಸ್ಟ್ 4ರಂದು ‘ಅಪ್ಸರಾ’ ಎಂಬ ರಿಯಾಕ್ಟರು ಅಲ್ಲಿ ಚಾಲನೆಗೊಂಡಿತು. ಅದನ್ನು ಕಟ್ಟಿದವರ ಸಾಲಿನಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಇದ್ದರೆಂಬುದು ನಮಗೆಲ್ಲ ಹೆಮ್ಮೆ. ಪಿಯಾನೋ ನುಡಿಸಬಲ್ಲ ಕನ್ನಡಿಗ ಮಹಾಶಯರು, ಒಡೆಯಲಾಗದ್ದನ್ನು ಒಡೆಯುವುದರಲ್ಲಿಯೂ ನಿಪುಣರು!

ಮೂರನೆಯದು ದಿನನಿತ್ಯದ ಮಾತು: ‘ಸೂರ್ಯ ನೆತ್ತಿಯ ಮೇಲೆ ಬಂದ.’ ಮುಂಬಯಿಯಲ್ಲಿ ಈ ಮಾತು ಅಕ್ಷರಶಃ ನಿಜವಾಗುವುದು ವರ್ಷಕ್ಕೆ ಎರಡೇ ದಿನ: ಮೇ 15ರ ಸುಮಾರಿಗೆ ಒಮ್ಮೆ, ಜುಲೈ 28ರ ಸುಮಾರಿಗೆ ಇನ್ನೊಮ್ಮೆ. ದೆಹಲಿಯವರಿಗೆ ಆ ಭಾಗ್ಯ ಎಂದೂ ಇಲ್ಲ. ಜುಲೈಯಲ್ಲಿ ಮಳೆಮೋಡ ಕವಿದಿರುತ್ತದೆ. ಮೇ ತಿಂಗಳಲ್ಲಿ ತಾವು ಮಹಡಿಯ ಮೇಲೆ ಸ್ಟೀಲ್ ಲೋಟವೊಂದನ್ನು ಬೋರಲು ಹಾಕಿ ನೋಡಬಹುದು. ಹನ್ನೆರಡಕ್ಕಲ್ಲ, ಹನ್ನೆರಡೂ ಮೂವತ್ತೈದರ ಹೊತ್ತಿಗೆ. ಏಕೆಂದರೆ ನಮ್ಮ ಗಡಿಯಾರ ತೋರಿಸುವುದು ದೂರದ ಪೂರ್ವದ ರೇಖೆಯೊಂದರ ಕಾಲವನ್ನು. ಲೋಟದ ನೆರಳು ಮಾಯವಾಗಿರುತ್ತದೆ.

ಇನ್ನೊಂದು ಸೊಗಸು ಕೇಳಿ. ಮಂಗಳೂರು, ಬೆಂಗಳೂರುಗಳ ನೆತ್ತಿಗೆ ಸೂರ್ಯ ಏಪ್ರಿಲ್ 24ರ ಸುಮಾರಿಗೇ ಬಂದಿರುತ್ತಾನೆ. ಕೊಂಕಣ ರೈಲು ಮಂಗಳೂರಿನವರನ್ನು ಒಂದು ರಾತ್ರಿಯಲ್ಲಿ ತಂದು ಇಳಿಸುವ ಈ ಊರಿಗೆ ಅವನು ಮೂರು ವಾರ ತೆಗೆದುಕೊಂಡು ಬರುತ್ತಾನೆ. ಆಗಸ್ಟ್ 18ರ ಹೊತ್ತಿಗೆ ಮತ್ತೆ ಊರು ಸೇರಿರುತ್ತಾನೆ. ವರ್ಷಕ್ಕೊಮ್ಮೆ ಮುಂಬಯಿಗೆ ಬಂದು ಹೋಗುವ ಇಂಥ ಹಳೆಯ ವಲಸೆಗಾರ ನಮ್ಮಲ್ಲಿ ಯಾರಿದ್ದಾರೆ?

ಹಾಗಾದರೆ ಈ ತಪ್ಪು ನಮೂದುಗಳಿಗೆ ಕೆಂಪು ಗೀಟು ಹಾಕೋಣವೇ? ಕೂಡದು. 2021ರ ಆ ಕಠಿಣ ದಿನಗಳಲ್ಲಿ ನಾವೆಲ್ಲ ಸಿಲಿಂಡರು ಹುಡುಕುತ್ತ ಆಡಿದ ಮಾತು ಆಕ್ಸಿಜನ್; ಆಗ ನಿಘಂಟು ತೆರೆಯಲು ಯಾರಿಗೂ ಪುರಸತ್ತಿರಲಿಲ್ಲ. ಆ ಪದದ ಮೇಲೆ ನಮಗೆ ಕೋಪವೂ ಇಲ್ಲ. ಆದರೆ ಒಂದು ವ್ಯತ್ಯಾಸವುಂಟು. ಆಕ್ಸಿಜನ್ ಎಂಬುದು ನಮ್ಮ ಮಕ್ಕಳಿಗೆ ಬೀಗ ಹಾಕಿದ ಪೆಟ್ಟಿಗೆ. ಅದರ ಅರ್ಥ ಗ್ರೀಕ್ ಬಲ್ಲವರಿಗೆ ಸರಿ. ಆಮ್ಲಜನಕವೋ, ತೆರೆದ ಪೆಟ್ಟಿಗೆ. ಅದನ್ನು ಕೇಳಿದ ಮಗು, ‘ಅಪ್ಪಾ, ಗಾಳಿ ಹುಳಿಯಾಗಿಲ್ಲವಲ್ಲ?’ ಎಂದು ಕೇಳಬಲ್ಲದು. ದೊಡ್ಡ ವಿಜ್ಞಾನಿಯ ತಪ್ಪನ್ನು ಎಂಟು ವರ್ಷದ ಮಗು ಹಿಡಿಯುವುದಕ್ಕೆ ದಾರಿ ಮಾಡಿಕೊಟ್ಟದ್ದು ಅದರ ತಾಯ್ನುಡಿ. ಅರ್ಥವಾಗುವ ಪದವನ್ನು ಮಾತ್ರ ಪ್ರಶ್ನಿಸಲು ಸಾಧ್ಯ. ಪ್ರಶ್ನೆ ನಿಂತಲ್ಲಿ ವಿಜ್ಞಾನವೂ ನಿಂತಿತು.

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ ಆಡುತ್ತಾರೆ. ಆಡಲಿ, ಅದು ಅವರ ಗಳಿಕೆ. ಕನ್ನಡಕ್ಕೆ ಉಳಿದಿರುವುದು ‘ಊಟಕ್ಕೆ ಬಾ’, ‘ಬಾಗಿಲು ಹಾಕು’ ಇವೇ ಆದರೆ, ಆ ಖಾತೆ ಚಾಲ್ತಿಯಲ್ಲಿದ್ದರೂ ಅದರಲ್ಲಿ ವಹಿವಾಟಿಲ್ಲ. ವಹಿವಾಟಿಲ್ಲದ ಖಾತೆಗೆ ಏನಾಗುತ್ತದೆಂದು ನಾವು ತಮಗೆ ಹೇಳಬೇಕಾಗಿಲ್ಲ. ಆದುದರಿಂದ ನಮ್ಮ ಬಿನ್ನಹ ಇಷ್ಟೇ: ಲೋಕಲ್ ರೈಲಿಳಿದು ಎಷ್ಟೇ ದಣಿದು ಬಂದಿರಲಿ, ಮಗುವಿನ ದಿನದ ಒಂದು ‘ಯಾಕೆ’ಗೆ ಕನ್ನಡದಲ್ಲಿ ಉತ್ತರ ಕೊಡಿ. ಉತ್ತರ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ‘ಬಾ, ಇಬ್ಬರೂ ಹುಡುಕೋಣ’ ಎಂದು ಕನ್ನಡದಲ್ಲಿಯೇ ಹೇಳಿ.

ಸಭಾಂಗಣದ ಆಮ್ಲಜನಕವನ್ನು ಇನ್ನಷ್ಟು ಖರ್ಚು ಮಾಡದೆ ವಿರಮಿಸುತ್ತೇವೆ.